0.8 ಮಿಲಿಮೀಟರ್ ತಗಡಿಗೆ ಎಂಥ ವೆಲ್ಡಿಂಗ್ ಮಷೀನ್ ಬೇಕು?

ಬಸ್ಸಲ್ಲಿ ಕೂತು ಕೇಳ್ತಿದೀರೋ, ಭಾನುವಾರ ಗಾಡಿ ತೊಳೀತಾ ಕೇಳ್ತಿದೀರೋ, ಇವತ್ತು ಸ್ವಲ್ಪ ಹೊತ್ತು ಕಬ್ಬಿಣದ ವಿಷಯ ಮಾತಾಡೋಣ.

"ಅಣ್ಣಾ, ಮನೇಲೇ ಕಾರ್ ರಿಪೇರಿ ಮಾಡೋಕೆ ಒಂದು ವೆಲ್ಡಿಂಗ್ ಮಷೀನ್ ತಗೋಬೇಕು ಅಂತಿದೀನಿ. 200 ಆಂಪ್ ಸಾಕಾ, 250 ಬೇಕಾ?" ಹಳೇ ಕಾರ್ ಇಟ್ಕೊಂಡಿರೋ ಹುಡುಗರು ನನ್ನ ಹತ್ರ ಕೇಳೋ ಮೊದಲ ಪ್ರಶ್ನೆ ಇದು. ನಾನು ತಿರುಗಿಸಿ ಕೇಳೋದು ಒಂದೇ: "ಆ ಮಷೀನ್ ಎಷ್ಟು ಆಂಪ್‌ಗೆ ಇಳಿಯುತ್ತೆ?" ಅಲ್ಲಿಗೆ ಹುಡುಗ ಸುಮ್ಮನಾಗ್ತಾನೆ. ಯಾಕಂದ್ರೆ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರೋದು ಮೇಲಿನ ಸಂಖ್ಯೆ. ಕಾರಿಗೆ ಬೇಕಾಗಿರೋದು ಕೆಳಗಿನ ಸಂಖ್ಯೆ. ಇವತ್ತಿನ ಮಾತಲ್ಲಿ ಇದೊಂದನ್ನ ನೆನಪಿಟ್ಕೊಂಡ್ರೂ ಸಾಕು, ನಿಮ್ಮ ದುಡ್ಡು ಉಳಿಯುತ್ತೆ.

ಮೊದಲು ಹಿನ್ನೆಲೆ ಹೇಳ್ಬಿಡ್ತೀನಿ. ನಮ್ಮ ಮಲೆನಾಡಲ್ಲಿ, ಕರಾವಳಿಯಲ್ಲಿ ಕಾರಿಗೆ ಎಂಜಿನ್‌ಗಿಂತ ಮೊದಲು ವಯಸ್ಸಾಗೋದು ತಗಡಿಗೆ. ಮಳೆಗಾಲ ಪೂರ್ತಿ ನೆನೆದ ಕಾರ್ಪೆಟ್ಟು, ಕಡಲ ಕಡೆಯಾದ್ರೆ ಉಪ್ಪು ಗಾಳಿ, ಚಕ್ರದ ಒಳಗೆ ಕೂತ ಕೆಸರು. ಮಾರುತಿ 800 ಶುರುವಾಗಿದ್ದು 1983ರ ಡಿಸೆಂಬರಲ್ಲಿ, ತಯಾರಿಕೆ ನಿಂತಿದ್ದು 2014ರಲ್ಲಿ. ಓಮ್ನಿ 2019ರವರೆಗೂ ಬಂತು. ಹಾಗಾಗಿ ಈ ಗಾಡಿಗಳು ಇನ್ನೂ ನಮ್ಮ ಮನೆ ಅಂಗಳಗಳಲ್ಲಿ ಇದಾವೆ. ಅಪ್ಪ ತಗೊಂಡಿದ್ದು, ಮಗ ಓಡಿಸ್ತಿರೋದು. ಎಂಜಿನ್ ಸೊಗಸಾಗಿ ಓಡುತ್ತೆ, ಡ್ರೈವರ್ ಸೀಟಿನ ಕಾರ್ಪೆಟ್ ಎತ್ತಿದ್ರೆ ರಸ್ತೆ ಕಾಣುತ್ತೆ.

ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ ಮಾಡಿಸ್ಬೇಕು, ಆರ್‌ಟಿಒದಲ್ಲಿ ಗಾಡಿ ತೋರಿಸ್ಬೇಕು. ಆ ಹೊತ್ತಿಗೇ ಎಲ್ಲರಿಗೂ ತುಕ್ಕಿನ ನೆನಪಾಗೋದು. ಟಿಂಕರಿಂಗ್ ಅಂಗಡಿಗೆ ಹೋದ್ರೆ ಕೆಲಸ ಜಾಸ್ತಿ ಇದೆ ಅಂತ ಎರಡು ವಾರ ಗಾಡಿ ನಿಲ್ಲಿಸ್ಕೊಳ್ತಾರೆ. ಆಗ ಹುಡುಗನ ತಲೆಗೆ ಬರುತ್ತೆ: ಫೋನಲ್ಲಿ ವೀಡಿಯೊ ನೋಡಿದೀನಲ್ಲ, ನಾನೇ ಯಾಕೆ ಮಾಡ್ಬಾರದು? ಮಾಡ್ಬಹುದು. ಆದ್ರೆ ಮಷೀನ್ ತಗೊಳೋ ಮುಂಚೆ ತಗಡನ್ನ ಅರ್ಥ ಮಾಡ್ಕೋಬೇಕು.

ಜೇಬಿಂದ ನಿಮ್ಮ ಎಟಿಎಂ ಕಾರ್ಡ್ ತೆಗೀರಿ. ಅದರ ದಪ್ಪ 0.76 ಮಿಲಿಮೀಟರ್. ಎಲ್ಲ ಬ್ಯಾಂಕಿನ ಕಾರ್ಡೂ ಅಷ್ಟೇ. ಕಾರಿನ ಬಾಗಿಲು, ಫೆಂಡರ್, ಬಾನೆಟ್ಟಿನ ತಗಡು ಹೆಚ್ಚುಕಡಿಮೆ ಅಷ್ಟೇ ದಪ್ಪ, 0.7ರಿಂದ 0.8 ಮಿಲಿಮೀಟರ್. ಫ್ಲೋರ್ ಸ್ವಲ್ಪ ದಪ್ಪ ಇರಬಹುದು. ಕೆಳಗಿನ ಚಾಸಿಸ್ ಭಾಗಗಳು ಒಂದೂವರೆ, ಎರಡು ಮಿಲಿಮೀಟರ್ ಬರಬಹುದು. ತುಕ್ಕು ತಿಂದ ಮೇಲೆ ಅದರಲ್ಲಿ ಎಷ್ಟು ಉಳಿದಿರುತ್ತೋ ಅದು ಬೇರೆ ಲೆಕ್ಕ.

ಇನ್ನು ವೆಲ್ಡರ್‌ಗಳು ಬಳಸೋ ಒಂದು ಅಂದಾಜು ಲೆಕ್ಕ ಇದೆ. ಕಬ್ಬಿಣದ ಪ್ರತಿ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪ್. ಹಾಗಾದ್ರೆ 0.8 ಮಿಲಿಮೀಟರ್ ತಗಡಿಗೆ 30 ಆಂಪ್ ಆಸುಪಾಸು. ಈಗ ಆನ್‌ಲೈನಲ್ಲಿ ಐದಾರು ಸಾವಿರಕ್ಕೆ ಸಿಗೋ "ಆರ್ಕ್ 200" ಮಷೀನ್ ನೋಡಿ. ಅದು ರಾಡ್ ವೆಲ್ಡಿಂಗ್ ಮಷೀನು. ಅದಕ್ಕೆ ಅಂಗಡೀಲಿ ಸುಲಭವಾಗಿ ಸಿಗೋ ತೆಳು ರಾಡ್ ಅಂದ್ರೆ 2.5 ಮಿಲಿಮೀಟರ್. ಆ ರಾಡ್ ಸರಿಯಾಗಿ ಉರಿಯೋಕೇ 60ರಿಂದ 90 ಆಂಪ್ ಬೇಕು. ನಿಮ್ಮ ತಗಡು ತಡೆಯೋದು 30. ರಾಡ್ ಮುಟ್ಟಿಸಿದ ತಕ್ಷಣ ಏನಾಗುತ್ತೆ? ನಾಲ್ಕಾಣೆಯಷ್ಟಿದ್ದ ತೂತು ಅಂಗೈಯಷ್ಟಾಗುತ್ತೆ.

ಆ ಮಷೀನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಮನೆ ಗೇಟು, ಕಿಟಕಿ ಸರಳು, ತೋಟದ ಬೇಲಿಯ ಆಂಗಲ್ ಎಲ್ಲಾ ಅದರಲ್ಲಿ ಚೆನ್ನಾಗಿ ಆಗುತ್ತೆ. ಅವೆಲ್ಲ ಮೂರು, ನಾಲ್ಕು, ಐದು ಮಿಲಿಮೀಟರ್ ಕಬ್ಬಿಣ. ಇಪ್ಪತ್ತು ವರ್ಷ ಕೈ ಪಳಗಿದ ಮೇಸ್ತ್ರಿ ಅದೇ ಮಷೀನಿಗೆ ಸಣ್ಣ ರಾಡ್ ಹಾಕ್ಕೊಂಡು ತೆಳು ತಗಡನ್ನೂ ಹಿಡಿಸ್ತಾನೆ, ನಾನೇ ನೋಡಿದೀನಿ. ಆದ್ರೆ ಮೊದಲ ಮಷೀನ್ ತಗೊಳೋನಿಗೆ ಅದು ದಾರಿಯಲ್ಲ. ಈಜು ಕಲಿಯೋಕೆ ಆಗಸ್ಟ್ ತಿಂಗಳ ತುಂಗಾ ನದಿಗೆ ಇಳಿದ ಹಾಗಾಗುತ್ತೆ.

ಹಾಗಾದ್ರೆ ಯಾವುದು? ಕಾರಿನ ತಗಡಿಗೆ ಮೊದಲ ಮಷೀನ್ ಅಂದ್ರೆ ಮಿಗ್. ನಮ್ಮ ವರ್ಕ್‌ಶಾಪ್‌ಗಳಲ್ಲಿ ಇದನ್ನ ಸಿ.ಓ.ಟೂ ವೆಲ್ಡಿಂಗ್ ಅಂತಾನೇ ಕರೀತಾರೆ. ಇದರಲ್ಲಿ ರಾಡ್ ಇರಲ್ಲ, ಒಂದು ತೆಳು ತಂತಿಯ ಸುರುಳಿ ಇರುತ್ತೆ. ಗನ್ನಿನ ಗುಂಡಿ ಒತ್ತಿದ್ರೆ ತಂತಿ ತಾನಾಗೇ ಮುಂದೆ ಬರುತ್ತೆ, ಕರಗುತ್ತೆ. ಸುತ್ತಲೂ ಗ್ಯಾಸ್ ಬಂದು ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಕಾಯುತ್ತೆ. ಒಂದು ಕೈಯಲ್ಲಿ ಕೆಲಸ ಆಗುತ್ತೆ, ಕಿಟ್ಟ ಕೆರೆಯೋ ಕೆಲಸ ಇರಲ್ಲ, ಮುಖ್ಯವಾಗಿ 30–40 ಆಂಪ್‌ಗೂ ಇಳಿಯುತ್ತೆ.

ಮಿಗ್ ತಗೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳನ್ನ ಒಂದೊಂದಾಗಿ ಹೇಳ್ತೀನಿ. ಬೇಕಾದ್ರೆ ಇಲ್ಲಿ ನಿಲ್ಲಿಸಿ ಬರ್ಕೊಳ್ಳಿ.

ಮೊದಲನೇದು, ಕನಿಷ್ಠ ಆಂಪ್ ಎಷ್ಟು? ಮಷೀನಿನ ಹಿಂಭಾಗದ ತಗಡಿನ ಚೀಟಿಯಲ್ಲಿ ಅಥವಾ ಮ್ಯಾನ್ಯುಯಲ್‌ನಲ್ಲಿ "30ರಿಂದ 180" ಅಥವಾ "50ರಿಂದ 250" ಅಂತ ಬರೆದಿರುತ್ತೆ. ಕಾರಿಗೆ 30ರಿಂದ ಶುರುವಾಗೋದೇ ಒಳ್ಳೇದು, 40 ಆದ್ರೂ ಪರವಾಗಿಲ್ಲ. 50ರ ಕೆಳಗೆ ಇಳಿಯಲ್ಲ ಅಂದ್ರೆ, ಮೇಲೆ 250 ಇದ್ದೂ ನಿಮಗೆ ಪ್ರಯೋಜನ ಇಲ್ಲ.

ಎರಡನೇದು, ಗ್ಯಾಸ್ ಹಾಕೋಕೆ ಬರುತ್ತಾ? ಇದು ಬಹಳ ಜನ ಎಡವೋ ಜಾಗ. "ಮಿಗ್" ಅಂತ ಹೆಸರಿಟ್ಟು ಮಾರೋ ಕೆಲವು ಅಗ್ಗದ ಮಷೀನ್‌ಗಳು ಗ್ಯಾಸ್ ಇಲ್ಲದ ತಂತಿಗೆ ಮಾತ್ರ ಮಾಡಿದ್ದು. ಗ್ಯಾಸ್‌ಲೆಸ್ ಅಂದ್ರೆ ತಂತಿಯ ಒಳಗೇ ಪುಡಿ ತುಂಬಿರುತ್ತೆ, ಫ್ಲಕ್ಸ್ ಕೋರ್ ಅಂತಾರೆ. ಸಿಲಿಂಡರ್ ಬೇಡ, ಗಾಳಿ ಬೀಸೋ ಬಯಲಲ್ಲೂ ಕೆಲಸ ಆಗುತ್ತೆ, ಅದು ಅದರ ಗುಣ. ಆದ್ರೆ ಅದು ಬಿಸಿ ಜಾಸ್ತಿ, ಕಿಡಿ ಜಾಸ್ತಿ, ಕಿಟ್ಟ ಕೂರುತ್ತೆ, ತೆಳು ತಗಡನ್ನ ಬೇಗ ತೂತು ಮಾಡುತ್ತೆ. ಗ್ಯಾಸೂ ಹಾಕಬಹುದು, ಗ್ಯಾಸ್‌ಲೆಸ್ ತಂತಿಯೂ ಹಾಕಬಹುದು ಅನ್ನೋ ಮಷೀನ್ ಸಿಕ್ಕಿದ್ರೆ ತಗೊಳ್ಳಿ. ಆಗ ಪ್ಲಸ್–ಮೈನಸ್ ಬದಲಾಯಿಸೋ ವ್ಯವಸ್ಥೆ ಇರ್ಬೇಕು. ಗ್ಯಾಸ್ ಜೊತೆ ಗಟ್ಟಿ ತಂತಿಗೆ ಗನ್ ಪ್ಲಸ್‌ಗೆ, ಗ್ಯಾಸ್‌ಲೆಸ್ ತಂತಿಗೆ ಗನ್ ಸಾಮಾನ್ಯವಾಗಿ ಮೈನಸ್‌ಗೆ. ಇದು ಉಲ್ಟಾ ಆದ್ರೆ ವೆಲ್ಡಿಂಗ್ ಹಿಡಿಯಲ್ಲ, ಬರೀ ಉಗುಳುತ್ತೆ.

ಮೂರನೇದು, ತಂತಿಯ ಗಾತ್ರ. ನಮ್ಮಲ್ಲಿ ಎಲ್ಲ ಕಡೆ ಸಿಗೋದು 0.8 ಮಿಲಿಮೀಟರ್ ತಂತಿ. ಅದರಲ್ಲಿ ಕಾರ್ ಕೆಲಸ ಮಾಡಬಹುದು. 0.6 ಸಿಕ್ಕಿದ್ರೆ ಇನ್ನೂ ಚೆನ್ನ, ಕಡಿಮೆ ಬಿಸಿಯಲ್ಲೇ ಕರಗುತ್ತೆ. ಹಾಗಾಗಿ 0.6ರ ರೋಲರ್ ಆ ಮಷೀನಿಗೆ ಸಿಗುತ್ತಾ ಕೇಳಿ. ತಂತಿಯ ಸುರುಳಿ 1 ಕೆಜಿ, 5 ಕೆಜಿ, 15 ಕೆಜಿಗಳಲ್ಲಿ ಬರುತ್ತೆ. 5 ಕೆಜಿ ಸುರುಳಿ ಕೂರೋ ಮಷೀನ್ ಮನೆಗೆ ಹದ. 15 ಕೆಜಿ ಸುರುಳಿ ತಗೊಂಡ್ರೆ ನಮ್ಮ ಮಳೆಗಾಲದಲ್ಲಿ ತಂತಿಗೇ ತುಕ್ಕು ಹಿಡಿಯುತ್ತೆ.

ನಾಲ್ಕನೇದು, ಗ್ಯಾಸ್ ಯಾವುದು? ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗ, ಸುಲಭವಾಗಿ ಸಿಗುತ್ತೆ. ಆದ್ರೆ ಕಿಡಿ ಸ್ವಲ್ಪ ಜಾಸ್ತಿ, ಒಳಗೆ ಜಾಸ್ತಿ ಇಳಿಯುತ್ತೆ. ಆರ್ಗಾನ್ ಜೊತೆ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಮಿಶ್ರ ಗ್ಯಾಸ್ ತೆಳು ತಗಡಿಗೆ ಮೆತ್ತಗೆ ಕೆಲಸ ಮಾಡುತ್ತೆ, ಬೆಲೆ ಜಾಸ್ತಿ. ಮಷೀನ್ ಬುಕ್ ಮಾಡೋ ಮುಂಚೆ ನಿಮ್ಮ ಊರಲ್ಲಿ ಸಿಲಿಂಡರ್ ತುಂಬಿಸಿಕೊಡೋರು ಯಾರು, ಡೆಪಾಸಿಟ್ ಎಷ್ಟು, ಸಣ್ಣ ಸಿಲಿಂಡರ್ ಕೊಡ್ತಾರಾ ಕೇಳಿ. ಎಷ್ಟೋ ಮನೆಗಳಲ್ಲಿ ಮಷೀನ್ ಇದೆ, ಗ್ಯಾಸ್ ತರೋಕೆ 60 ಕಿಲೋಮೀಟರ್ ಹೋಗ್ಬೇಕು ಅಂತ ಅದು ಅಟ್ಟದ ಮೇಲಿದೆ.

ಇಲ್ಲಿ ಒಬ್ಬರು ಕೇಳಬಹುದು, ಟಿಗ್ ಯಾಕೆ ಬೇಡ ಅಂತ. ಟಿಗ್ ಅಂದ್ರೆ ನಮ್ಮ ಕಡೆ ಆರ್ಗಾನ್ ವೆಲ್ಡಿಂಗ್ ಅಂತಾರಲ್ಲ, ಅದು. ವೆಲ್ಡಿಂಗ್ ಬಹಳ ಚೆನ್ನಾಗಿ ಬರುತ್ತೆ. ಆದ್ರೆ ಎರಡೂ ಕೈ ಬೇಕು, ನಿಧಾನ, ಕಬ್ಬಿಣ ಕನ್ನಡಿಯಷ್ಟು ಸ್ವಚ್ಛ ಇರ್ಬೇಕು. ತುಕ್ಕು ಹಿಡಿದ ಫ್ಲೋರ್ ಕೆಳಗೆ ಅಂಗಾತ ಮಲಗಿ ಮಾಡೋ ಕೆಲಸಕ್ಕೆ ಅದು ಹೊಂದಲ್ಲ. "ತ್ರೀ ಇನ್ ಒನ್" ಅಂತ ಮಿಗ್, ರಾಡ್, ಟಿಗ್ ಮೂರೂ ಇರೋ ಮಷೀನ್ ಬರುತ್ತೆ. ಮಿಗ್ ಭಾಗ ನಾನು ಹೇಳಿದ ಪ್ರಶ್ನೆಗಳಿಗೆಲ್ಲ ಪಾಸಾದ್ರೆ ತಗೊಳ್ಳಿ. ಆದ್ರೆ ಅದರ ಡಿಸಿ ಟಿಗ್‌ನಲ್ಲಿ ಅಲ್ಯೂಮಿನಿಯಂ ಬೆಸೀಬಹುದು ಅಂದ್ಕೋಬೇಡಿ, ಅದಕ್ಕೆ ಎಸಿ ಟಿಗ್ ಬೇಕು. ಹಳೇ ಟಿಂಕರ್‌ಗಳು ಗ್ಯಾಸ್ ವೆಲ್ಡಿಂಗಲ್ಲಿ, ಅಂದ್ರೆ ಆಕ್ಸಿಜನ್–ಅಸಿಟಿಲೀನ್ ಬೆಂಕಿಯಲ್ಲಿ ತಗಡನ್ನ ಹೂವಿನ ಹಾಗೆ ಜೋಡಿಸ್ತಿದ್ರು. ಆ ಕೈಗೆ ನಮಸ್ಕಾರ. ಅಸಿಟಿಲೀನ್ ಸಿಲಿಂಡರನ್ನ ಮಾತ್ರ ಮನೇಲಿ ಇಟ್ಕೋಬೇಡಿ.

ಈಗ ಕರೆಂಟಿನ ಮಾತು. ಇದನ್ನ ವೀಡಿಯೊಗಳಲ್ಲಿ ಯಾರೂ ಹೇಳಲ್ಲ. 200 ಆಂಪ್ ರಾಡ್ ವೆಲ್ಡಿಂಗಿಗೆ ಆರ್ಕ್‌ನ ವೋಲ್ಟೇಜ್ ಸುಮಾರು 28. ಎರಡನ್ನೂ ಗುಣಿಸಿದ್ರೆ 5600 ವ್ಯಾಟ್. ಮಷೀನಿನ ನಷ್ಟ ಸೇರಿಸಿದ್ರೆ ಇನ್ನೂ ಜಾಸ್ತಿ. ನಿಮ್ಮ ಮನೆಯ ಎಸಿ, ಗೀಸರ್ ಪಾಯಿಂಟ್ 16 ಆಂಪ್. 230 ವೋಲ್ಟ್ ಜೊತೆ ಗುಣಿಸಿದ್ರೆ 3680 ವ್ಯಾಟ್. ಅಂದ್ರೆ ಡಬ್ಬಿ ಮೇಲಿನ 200 ಆಂಪನ್ನ ನಿಮ್ಮ ಗೋಡೆಯ ಸಾಕೆಟ್ ಕೊಡೋಕೇ ಆಗಲ್ಲ. ದುಡ್ಡು ಕೊಟ್ಟ ಆ ಆಂಪ್ ಪೆಟ್ಟಿಗೆಯೊಳಗೇ ಉಳಿಯುತ್ತೆ.

ಅದೇ ಕಾರಿನ ತಗಡಿಗೆ ಮಿಗ್‌ನಲ್ಲಿ 50 ಆಂಪ್ ಇಟ್ರೆ, ಆರ್ಕ್ ವೋಲ್ಟೇಜ್ 16–17. ಗುಣಿಸಿ, 850 ವ್ಯಾಟ್ ಕೂಡ ದಾಟಲ್ಲ. ನಷ್ಟ ಸೇರಿಸಿದ್ರೂ ಗೀಸರ್‌ಗಿಂತ ಕಡಿಮೆ. ಹಾಗಾಗಿ ಕಾರ್ ಕೆಲಸಕ್ಕೆ ತ್ರೀ ಫೇಸ್ ಬೇಕು ಅಂತ ಯಾರಾದ್ರೂ ಹೆದರಿಸಿದ್ರೆ ನಂಬಬೇಡಿ. ಸಿಂಗಲ್ ಫೇಸ್ ಮಷೀನ್ ಸಾಕು. ಆದ್ರೆ ಕರೆಂಟ್ ಬಿಲ್ ತೆಗೆದು ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, ಬಿಲ್ಲಲ್ಲಿ ಬರೆದಿರುತ್ತೆ. ಸಣ್ಣ 6 ಆಂಪ್ ಸಾಕೆಟ್‌ಗೆ ಮಷೀನ್ ಹಾಕ್ಬೇಡಿ. ಟಿವಿಗೆ ಬಳಸೋ ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ, ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರಿನದ್ದು ಮಾಡಿಸ್ಕೊಳ್ಳಿ, ಕೆಲಸ ಮಾಡುವಾಗ ಸುರುಳಿ ಪೂರ್ತಿ ಬಿಚ್ಚಿ. ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಒಂದ್ಸಲ ನೋಡಿಸಿ. ಮನೆಯ ಬ್ಯಾಟರಿ ಯುಪಿಎಸ್ ಲೈನಿಗೆ ಯಾವ ಕಾರಣಕ್ಕೂ ಕೊಡ್ಬೇಡಿ.

ಹಳ್ಳಿ ಕಡೆ ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತೆ. ಎಷ್ಟು ವೋಲ್ಟಿಗೆ ಇಳಿದ್ರೂ ಮಷೀನ್ ಕೆಲಸ ಮಾಡುತ್ತೆ ಅಂತ ಚೀಟಿಯಲ್ಲಿ ನೋಡಿ. ಹಾಗೇ ಡ್ಯೂಟಿ ಸೈಕಲ್ ಅಂತ ಒಂದು ಸಂಖ್ಯೆ ಇರುತ್ತೆ. 60 ಪರ್ಸೆಂಟ್ ಅಂದ್ರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸೆದು ನಾಲ್ಕು ನಿಮಿಷ ಬಿಡಬೇಕು. ಅದು ಯಾವ ಆಂಪ್‌ಗೆ ಅನ್ನೋದನ್ನೂ ಬರೆದಿರ್ತಾರೆ. ಕಾರಿನ ತಗಡಿಗೆ ನಾವು ಬೆಸೆಯೋದು ಒಂದೊಂದು ಸೆಕೆಂಡಿನ ಚುಕ್ಕೆ, ಹಾಗಾಗಿ ಅಲ್ಲಿ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ.

ಕೊಳ್ಳೋದು ಎಲ್ಲಿ? ನನ್ನ ಸಲಹೆ, ಮೊದಲ ಮಷೀನ್ ಕಣ್ಣಲ್ಲಿ ನೋಡಿ ತಗೊಳ್ಳಿ. ಬೆಂಗಳೂರಾದ್ರೆ ಎಸ್.ಜೆ.ಪಿ. ರೋಡು, ಎಸ್.ಪಿ. ರೋಡು ಸುತ್ತಮುತ್ತ ಅಂಗಡಿಗಳಿವೆ. ಬೇರೆ ಊರಲ್ಲೂ ಗೇಟು ಮಾಡೋರಿಗೆ ರಾಡು, ತಂತಿ ಮಾರೋ ಅಂಗಡಿ ಒಂದು ಇದ್ದೇ ಇರುತ್ತೆ. ಹೋಗುವಾಗ ಗುಜರಿಯಿಂದ ಹಳೇ ಕಾರ್ ಬಾಗಿಲಿನ ಎರಡು ತುಂಡು ತಗಡು ಕತ್ತರಿಸಿ, ಪೇಂಟ್ ತೆಗೆದು ತಗೊಂಡು ಹೋಗಿ. "ಅಣ್ಣಾ, ಇದನ್ನ ಈ ಮಷೀನಲ್ಲಿ ಒಂದ್ಸಲ ಹಿಡಿಸಿ ತೋರ್ಸಿ" ಅನ್ನಿ. ಅಂಗಡಿಯೋರು ಸಾಮಾನ್ಯವಾಗಿ ದಪ್ಪ ಪ್ಲೇಟಿನ ಮೇಲೆ ಚಂದದ ಗೆರೆ ಎಳೆದು ತೋರಿಸ್ತಾರೆ. ದಪ್ಪ ಪ್ಲೇಟಿನ ಮೇಲೆ ಎಲ್ಲ ಮಷೀನೂ ಚಂದವೇ. ನಿಮ್ಮ ತಗಡಿನ ಮೇಲೆ ನೋಡ್ಬೇಕು. ಕಿವಿಯನ್ನೂ ತೆರೆದಿಟ್ಕೊಳ್ಳಿ. ಮಿಗ್ ಸರಿಯಾಗಿ ಸೆಟ್ ಆಗಿದ್ರೆ, ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಒಂದೇ ಸಮ ಚಟಚಟ ಅನ್ನುತ್ತೆ. ಪಟ್, ಪಟ್ ಅಂತ ತಡೆದು ತಡೆದು ಹಾರಿದ್ರೆ ಸೆಟ್ಟಿಂಗ್ ಸರಿ ಇಲ್ಲ, ಇಲ್ಲಾ ತಂತಿ ಸರಿಯಾಗಿ ಬರ್ತಿಲ್ಲ.

ಗನ್ನಿನ ಟಿಪ್, ನಾಜಲ್, ಒಳಗಿನ ಲೈನರ್ ಅದೇ ಅಂಗಡೀಲಿ ಸಿಗುತ್ತಾ? ಕೆಟ್ರೆ ರಿಪೇರಿ ಇಲ್ಲೇ ಆಗುತ್ತಾ, ದೆಹಲಿಗೆ ಕಳಿಸ್ಬೇಕಾ? ತಂತಿ ತಳ್ಳೋ ರೋಲರ್ ಇರೋ ಭಾಗ ಲೋಹದ್ದಾ, ಪ್ಲಾಸ್ಟಿಕ್ಕಾ? ಇದನ್ನೆಲ್ಲ ಕೇಳೋಕೆ ಸಂಕೋಚ ಪಡ್ಬೇಡಿ.

ಇನ್ನು ಬಜೆಟ್. ನಿಮ್ಮ ಹತ್ರ ಇರೋ ದುಡ್ಡನ್ನೆಲ್ಲ ಮಷೀನಿಗೆ ಸುರೀಬೇಡಿ. ಅರ್ಧ ಅಲ್ಲಿಗೆ, ಅರ್ಧ ಉಳಿದದ್ದಕ್ಕೆ ಅಂತ ಇಟ್ಕೊಳ್ಳಿ. ತಾನಾಗೇ ಕಪ್ಪಾಗೋ ಹೆಲ್ಮೆಟ್, 9ರಿಂದ 13 ಶೇಡ್‌ವರೆಗೆ ಬದಲಾಯಿಸೋಕೆ ಬರೋದು. ಚರ್ಮದ ಗ್ಲೌಸ್, ಕಾಟನ್ ಬಟ್ಟೆ, ಶೂ. ಗ್ಯಾಸ್ ರೆಗ್ಯುಲೇಟರ್. ಆಂಗಲ್ ಗ್ರೈಂಡರ್, ಅದಕ್ಕೆ ಕನ್ನಡಕ. ತಗಡು ಹಿಡಿಯೋ ಕ್ಲ್ಯಾಂಪ್ ನಾಲ್ಕು. ಒಂದು ಡ್ರೈ ಪೌಡರ್ ಫೈರ್ ಎಕ್ಸ್‌ಟಿಂಗ್ವಿಷರ್, ಪಕ್ಕದಲ್ಲಿ ಒಂದು ಬಕೆಟ್ ನೀರು.

ಕಪ್ಪು ಕನ್ನಡಕ ಹಾಕ್ಕೊಂಡು, ಕೈಯಲ್ಲಿ ಮುಖ ಮುಚ್ಕೊಂಡು ವೆಲ್ಡಿಂಗ್ ಮಾಡೋರನ್ನ ರಸ್ತೆ ಬದಿಯಲ್ಲಿ ದಿನಾ ನೋಡ್ತೀವಿ. ಆ ಬೆಳಕಿನ ಪೆಟ್ಟು ಆಗಲೇ ಗೊತ್ತಾಗಲ್ಲ. ಆರೇಳು ಗಂಟೆ ಬಿಟ್ಟು, ಮಧ್ಯರಾತ್ರಿ, ಕಣ್ಣೊಳಗೆ ಮರಳು ಸುರಿದ ಹಾಗಾಗಿ ಎಚ್ಚರ ಆಗುತ್ತೆ. ನಿಮಗಷ್ಟೇ ಅಲ್ಲ, ಬೆರಗಿನಿಂದ ನೋಡ್ತಾ ನಿಂತ ಪಕ್ಕದ ಮನೆ ಮಗುವಿಗೂ. ಮಕ್ಕಳನ್ನ ಒಳಗೆ ಕಳಿಸಿ, ಅಡ್ಡಕ್ಕೆ ಒಂದು ತಗಡು ನಿಲ್ಲಿಸಿ.

ಮಷೀನ್ ಮನೆಗೆ ಬಂತು. ಕಾರನ್ನ ಮುಟ್ಟಬೇಡಿ. ಒಂದು ತಿಂಗಳು ಗುಜರಿ ತಗಡಿನ ಮೇಲೆ ಕೈ ಪಳಗಿಸಿ. ಬೆಸೆದ ಎರಡು ತುಂಡನ್ನ ವೈಸ್‌ಗೆ ಹಾಕಿ ಬಗ್ಗಿಸಿ, ಸುತ್ತಿಗೆಯಲ್ಲಿ ಹೊಡೀರಿ. ತಗಡು ಹರಿದು ವೆಲ್ಡಿಂಗ್ ಉಳಿದ್ರೆ ಪಾಸ್. ವೆಲ್ಡಿಂಗೇ ಕಿತ್ಕೊಂಡು ಬಂದ್ರೆ ಇನ್ನೊಂದು ವಾರ ಅಭ್ಯಾಸ.

ಕಾರಿನ ಮೇಲೆ ಮಾಡುವಾಗ ತುಕ್ಕಿನ ಮೇಲೆ ತೇಪೆ ಇಡ್ಬೇಡಿ. ಹೊಳೆಯೋ ಗಟ್ಟಿ ಕಬ್ಬಿಣ ಸಿಗೋವರೆಗೂ ಕತ್ತರಿಸಿ. ಅದೇ ದಪ್ಪದ ಸಿ.ಆರ್. ಶೀಟ್ ತಗೊಂಡು ಆ ತೂತಿನ ಆಕಾರಕ್ಕೆ ಕತ್ತರಿಸಿ ಕೂರಿಸಿ. ಉದ್ದಕ್ಕೆ ಗೆರೆ ಎಳೀಬೇಡಿ, ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತೆ. ಇಲ್ಲೊಂದು ಚುಕ್ಕೆ, ಅಲ್ಲಿ ಎದುರಿಗೆ ಒಂದು ಚುಕ್ಕೆ, ತಣ್ಣಗಾಗೋಕೆ ಬಿಡಿ, ಮತ್ತೆ ನಡುವೆ ಒಂದು. ಹೊಲಿಗೆಗೆ ಮುಂಚೆ ಟಾಕಾ ಹಾಕ್ತಾರಲ್ಲ, ಹಾಗೆ. ಫ್ಯಾನ್ ಆಫ್ ಮಾಡಿ, ಇಲ್ಲಾಂದ್ರೆ ಗ್ಯಾಸ್ ಹಾರಿಹೋಗಿ ವೆಲ್ಡಿಂಗಲ್ಲಿ ಜೇನುಗೂಡಿನ ಥರ ತೂತು ಬೀಳುತ್ತೆ. ಆದ್ರೆ ಬಾಗಿಲು, ಕಿಟಕಿ ತೆರೆದಿರಲಿ, ಹೊಗೆ ಹೊರಗೆ ಹೋಗ್ಬೇಕು. ಜಿ.ಐ. ಶೀಟ್ ಬಳಸ್ಬೇಡಿ, ಅದರ ಸತುವಿನ ಹೊಗೆ ಕುಡಿದ್ರೆ ರಾತ್ರಿ ಚಳಿ ಜ್ವರ ಬರುತ್ತೆ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಒರೆಸಿದ ಜಾಗ ಬೆಸೀಬೇಡಿ. ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಅಂಶ ಇರುತ್ತೆ, ಅದು ಆರ್ಕ್‌ಗೆ ಸಿಕ್ಕಿದ್ರೆ ಫಾಸ್ಜೀನ್ ಅನ್ನೋ ವಿಷಾನಿಲ ಆಗುತ್ತೆ.

ಬ್ಯಾಟರಿ ಮೈನಸ್ ಕಳಚಿ. ಅರ್ತ್ ಕ್ಲ್ಯಾಂಪನ್ನ ಬೆಸೆಯೋ ಜಾಗದ ಹತ್ರವೇ ಹಿಡಿಸಿ. ಸೀಟು, ಕಾರ್ಪೆಟ್ಟು, ಫೋಮ್ ಎಲ್ಲಾ ತೆಗೀರಿ. ತಗಡಿನ ಆ ಕಡೆ ಏನಿದೆ ಅಂತ ಕೈ ಹಾಕಿ ನೋಡದೆ ಗುಂಡಿ ಒತ್ಬೇಡಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಕೆಳಗೆ ಬಳಿದ ಟಾರ್ ಕೋಟಿಂಗು, ಎಲ್ಲಾ ಅಲ್ಲೇ ಇರುತ್ತೆ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಗಾಡಿ ಪಕ್ಕ ಕೂತ್ಕೊಳ್ಳಿ. ಬೆಂಕಿ ಹೊತ್ಕೊಳೋದು ಸಾಮಾನ್ಯವಾಗಿ ನೀವು ಊಟಕ್ಕೆ ಹೋದ ಮೇಲೆ. ಇನ್ನು ಎಲ್‌ಪಿಜಿ, ಸಿಎನ್‌ಜಿ ಗಾಡಿಯನ್ನ, ಎಲೆಕ್ಟ್ರಿಕ್ ಗಾಡಿಯನ್ನ ಮನೇಲಿ ಬೆಸೆಯೋ ಆಸೆಯೇ ಬೇಡ. ಪೆಟ್ರೋಲ್ ಟ್ಯಾಂಕ್ ಖಾಲಿ ಇದೆ ಅಂತ ಬೆಸೆಯೋಕೆ ಹೋಗ್ಬೇಡಿ, ಖಾಲಿ ಟ್ಯಾಂಕಿನ ಆವಿಯೇ ಸಿಡಿಯೋದು.

ಈಗ ಬಹಳ ಮುಖ್ಯವಾದ ಮಾತಿಗೆ ಬರ್ತೀನಿ. ಹೋದ ವರ್ಷ ಪರಿಚಯದವರು ಒಂದು ಸೆಕೆಂಡ್ ಹ್ಯಾಂಡ್ ಓಮ್ನಿ ತಗೊಳ್ಳೋ ಮುಂಚೆ ನೋಡೋಕೆ ಕರೆದ್ರು. ಕೆಳಗೆಲ್ಲ ಹೊಸದಾಗಿ ಕಪ್ಪು ಅಂಡರ್ ಕೋಟಿಂಗ್, ಫಳಫಳ. ನಾನು ಒಂದು ಸ್ಕ್ರೂಡ್ರೈವರ್ ತಗೊಂಡು ಮುಂದಿನ ಸೀಟ್ ಬೆಲ್ಟ್ ಬೋಲ್ಟ್ ಆಗೋ ಜಾಗದ ಹತ್ರ ಒತ್ತಿದೆ. ಹಿಡಿವರೆಗೂ ಒಳಗೆ ಹೋಯ್ತು. ಕೊಳೆತ ತಗಡಿನ ಮೇಲೆ ಒಂದು ತೆಳು ತೇಪೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಕಪ್ಪು ಬಣ್ಣ. ಯಾರು ಮಾಡಿದ್ದೋ ಗೊತ್ತಿಲ್ಲ. ಆ ಗಾಡಿಯಲ್ಲಿ ನಾಳೆ ಮಕ್ಕಳನ್ನ ಸ್ಕೂಲಿಗೆ ಕರ್ಕೊಂಡು ಹೋಗ್ಬೇಕಿತ್ತು. ಗುದ್ದಿದ ದಿನ ಬೆಲ್ಟ್ ಬೋಲ್ಟ್ ಸಮೇತ ಕೈಗೆ ಬರ್ತಿತ್ತು.

800, ಓಮ್ನಿಯಂಥ ಗಾಡಿಗಳಿಗೆ ಲಾರಿ, ಬೊಲೆರೊ ಥರ ಬೇರೆ ಚಾಸಿಸ್ ಇರಲ್ಲ. ಬಾಡಿಯ ತಗಡುಗಳೇ ಒಂದಕ್ಕೊಂದು ಸೇರಿ ಚಾಸಿಸ್ ಆಗಿರುತ್ತೆ. ಹಾಗಾಗಿ ನಾನು ಕಾರನ್ನ ಮೂರು ಭಾಗ ಮಾಡ್ತೀನಿ. ಫೆಂಡರ್, ಬಾಗಿಲು, ಬಾನೆಟ್ ಬೋಲ್ಟ್ ಬಿಚ್ಚಿದ್ರೆ ಬರೋವು. ಬಹಳ ಕೊಳೆತಿದ್ರೆ ಬೆಸೆಯೋದಕ್ಕಿಂತ ಗುಜರಿಯಿಂದ ಒಳ್ಳೇದು ತಂದು ಹಾಕೋದೇ ಮೇಲು. ಎರಡನೇದು, ಬ್ಯಾಟರಿ ಟ್ರೇ, ಫ್ಲೋರಿನ ನಡುವಿನ ತೂತು, ಡಿಕ್ಕಿಯ ತಳ. ಇವು ನೀವು ಕಲಿತ ಮೇಲೆ ಮಾಡಬಹುದಾದ ಕೆಲಸ. ಮೂರನೇದು, ಸೀಟ್ ಬೆಲ್ಟ್ ಹಿಡಿಯೋ ಜಾಗ, ಸಸ್ಪೆನ್ಷನ್ ಕೂರೋ ಜಾಗ, ಸ್ಟೀರಿಂಗ್ ಸುತ್ತ, ಉದ್ದಕ್ಕೆ ಓಡೋ ಚಾಸಿಸ್ ಪಟ್ಟಿ, ಕಂಬಗಳು. ಇವನ್ನ ಮುಟ್ಟಬೇಡಿ. ಅನುಭವ ಇರೋ ಟಿಂಕರ್ ಹತ್ರ ಹೋಗಿ, ಪಕ್ಕದಲ್ಲಿ ನಿಂತು ಮಾಡಿಸಿ. ಹೊಸ ಕಾರುಗಳಲ್ಲಂತೂ ಕಂಬಗಳಿಗೆ ವಿಶೇಷ ಗಟ್ಟಿ ಉಕ್ಕು ಬಳಸಿರ್ತಾರೆ, ವೆಲ್ಡಿಂಗ್ ಬಿಸಿ ತಾಗಿದ್ರೆ ಆ ಗಟ್ಟಿತನ ಹೋಗುತ್ತೆ. ಮೇಲಿಂದ ನೋಡಿದ್ರೆ ಏನೂ ಕಾಣಲ್ಲ.

ವೆಲ್ಡಿಂಗ್‌ನಲ್ಲಿ ಮೋಸ ಮಾಡೋದು ಬಹಳ ಸುಲಭ, ಬೇರೆಯವರಿಗೂ, ನಮಗೂ. ಗ್ರೈಂಡರ್ ಹೊಡೆದು, ಪುಟ್ಟಿ ಮೆತ್ತಿ, ಪೇಂಟ್ ಬಳಿದ್ರೆ ಎಲ್ಲ ವೆಲ್ಡಿಂಗೂ ಒಂದೇ ಥರ ಕಾಣುತ್ತೆ. ಆರ್‌ಟಿಒ ನೋಡೋಕೆ ಮಾಡೋ ಕೆಲಸ ಬೇರೆ, ಅಮ್ಮನ್ನ ಕೂರಿಸ್ಕೊಂಡು ಘಾಟಿ ಇಳಿಯೋಕೆ ಮಾಡೋ ಕೆಲಸ ಬೇರೆ.

ಕೊನೇದಾಗಿ, ಮಷೀನ್ ತಗೊಳ್ಳಲೇಬೇಕಾ ಅನ್ನೋ ಪ್ರಶ್ನೆ. ನಿಮ್ಮ ಗಾಡಿಯಲ್ಲಿ ಎರಡೇ ತೂತಿದ್ರೆ ಬೇಡ. ಟಿಂಕರ್ ಅಣ್ಣನಿಗೆ ಕೊಡೋ ಕೂಲಿ ನಿಮ್ಮ ಹೆಲ್ಮೆಟ್ ಖರ್ಚಿಗಿಂತ ಕಡಿಮೆ ಆಗಬಹುದು. ಹಳೇ ಗಾಡಿಯ ಹುಚ್ಚಿದೆ, ಮುಂದೆಯೂ ಮಾಡ್ತೀನಿ ಅನ್ನೋ ಹಾಗಿದ್ರೆ ತಗೊಳ್ಳಿ. ಇದನ್ನೇ ಕಸುಬು ಮಾಡ್ಕೋಬೇಕು ಅನ್ನಿಸಿದ್ರೆ ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಒಂದೇ ವರ್ಷದ ಕೋರ್ಸು. ಅಲ್ಲಿ ನಿಮ್ಮ ಕೈ ಹಿಡಿದು ತಿದ್ದೋಕೆ ಒಬ್ಬರು ಇರ್ತಾರೆ, ಫೋನ್ ಪರದೆಯಿಂದ ಅದು ಆಗಲ್ಲ.

ಅಂಗಡಿಗೆ ಹೋದಾಗ ಹೀಗೆ ಕೇಳಿ: "ಅಣ್ಣಾ, ಸಿಂಗಲ್ ಫೇಸ್ ಮಿಗ್ ತೋರ್ಸಿ. ಗ್ಯಾಸ್ ಹಾಕೋಕೆ ಬರ್ಬೇಕು, 30 ಆಂಪ್‌ಗೆ ಇಳೀಬೇಕು, 5 ಕೆಜಿ ತಂತಿ ಕೂರ್ಬೇಕು, ಈ ತಗಡನ್ನ ತೂತು ಮಾಡದೆ ಹಿಡಿಸ್ಬೇಕು." ಇಷ್ಟು ಹೇಳಿದ್ರೆ ಅಂಗಡಿಯವರು ನಿಮ್ಮನ್ನ ಒಮ್ಮೆ ಮೇಲಿಂದ ಕೆಳಗೆ ನೋಡಿ, ಮುಂದಿಟ್ಟ ಡಬ್ಬಿಯನ್ನ ಒಳಗಿಟ್ಟು ಬೇರೆದು ತರ್ತಾರೆ.

ಮುಂದಿನ ಸಂಚಿಕೆಯಲ್ಲಿ, ಬೆಸೆದ ಮೇಲೆ ಆ ಜಾಗಕ್ಕೆ ಮತ್ತೆ ತುಕ್ಕು ಬರದ ಹಾಗೆ ಪ್ರೈಮರ್, ಸೀಲರ್ ಹೇಗೆ ಹಾಕೋದು ಅಂತ ಮಾತಾಡೋಣ. ಅಲ್ಲಿವರೆಗೆ ಕಣ್ಣು ಜೋಪಾನ. ನಮಸ್ಕಾರ.